ಲಾದ್ರುವಿನ ಗಂಟಲು

ಬೊಂಬಾಯಿಯ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತ ಗಿಟಾರ್ ಕಲಿತು ಬಂದ ಲಾದ್ರು ಪಾಯ್ಸ್ ಇಲ್ಲದೆ, ಐವತ್ತರ ದಶಕದಲ್ಲಿ ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಯಾವ ಕ್ರೈಸ್ತರ ಮನೆಯಲ್ಲೂ ರೋಸ್ ನಡೆಯುತ್ತಿರಲಿಲ್ಲ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಆ ಶಾಸ್ತ್ರಕ್ಕೆಂದೇ ಅವನು ಕೊಂಕಣಿಯಲ್ಲಿ ಒಂದು ಹಾಡು ಕಟ್ಟಿದ್ದ. ತವರು ಬಿಡುವ ಹುಡುಗಿಯ ಹಾಡು. ಸ್ವರ ಮಾತ್ರ ಸಾಧಾರಣ. ಜನ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಿದ್ದರು.

ಐವತ್ತೆಂಟರಲ್ಲಿ ಅವನ ಹೆಂಡತಿ ಕಾರ್ಮಿನ್ ಟೈಫಾಯ್ಡ್ ಬಂದು ಸತ್ತಳು. ಆಮೇಲೆ ಬೆಳ್ತಂಗಡಿಯ ಒಂದು ಮನೆಯಲ್ಲಿ ಅವನು ಅದೇ ಹಾಡು ಎತ್ತಿದಾಗ ಬಡಿಸುವವರ ಕೈ ನಿಂತಿತು. ಅಂಥ ಸ್ವರವನ್ನು ಯಾರೂ ಕೇಳಿರಲಿಲ್ಲ. ಅಲ್ಲಿ ಕಣ್ಣೊರೆಸಿಕೊಂಡ ಹಿರಿಯರೇ ಮರುದಿನ ಇಗರ್ಜಿಯ ಅಂಗಳದಲ್ಲಿ ತೀರ್ಮಾನ ಮಾಡಿದರು: "ಹೆಂಡತಿ ಸತ್ತವನು ರೋಸಿನಲ್ಲಿ ಹಾಡುವುದು ಒಳ್ಳೆಯದಲ್ಲ. ಬೇಕಾದರೆ ಬಾರಿಸಲಿ." ಗಂಟಲು ಹದಕ್ಕೆ ಬಂದದ್ದೇ ತಡ, ಅದಕ್ಕೆ ಬೀಗ ಬಿತ್ತು. ಎಂಟು ವರ್ಷ ಲಾದ್ರು ಚಪ್ಪರದ ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ತಂತಿ ಮೀಟಿದ.

ಅರವತ್ತಾರರಲ್ಲಿ ಮಗಳು ಬೆನ್ನಾಳ ರೋಸ್. ಶಾಸ್ತ್ರ ನಡೆಸುತ್ತಿದ್ದ ಮುದುಕ ಪೆದ್ರುವಿಗೆ ಆ ದಿನ ಮನಸ್ಸು ಕರಗಿತು. "ನಿನ್ನ ಮಗಳದ್ದೇ ಅಲ್ವಾ ಮಾರಾಯ, ಇವತ್ತು ಹಾಡು. ಬೇಡ ಹೇಳುವವರು ಯಾರು ನೋಡುವ."

ಲಾದ್ರು ಗಂಟಲು ಸರಿಮಾಡಿಕೊಂಡ. ತಲೆಯಿಂದ ತೆಂಗಿನ ಹಾಲು ಇಳಿಯುತ್ತಿದ್ದ ಬೆನ್ನಾ ಅವನ ಕಡೆ ನೋಡದೆಯೇ ಹೇಳಿದಳು: "ಬೇಡ ಪಪ್ಪಾ. ನನಗೆ ಹೆದರಿಕೆ ಆಗ್ತದೆ."

ಹಾಡನ್ನು ಪೆದ್ರುವೇ ಹಾಡಿದ, ಎರಡನೆಯ ಸಾಲನ್ನು ತಪ್ಪಾಗಿ. ಲಾದ್ರು ಆ ತಪ್ಪಿಗೇ ಗಿಟಾರನ್ನು ಹೊಂದಿಸಿ ಬಾರಿಸಿದ.