ಎರಡನೆಯ ಸಿ.ಡಿ.ಯಲ್ಲಿ ತಾತ ಹೇಳಿದ್ದು

ಹೆಣ್ಣುಮಕ್ಕಳು ಕೋಲು ಮುಟ್ಟಬಾರದು ಎಂದು ತಾತ ಹೇಳಲೇ ಇಲ್ಲ, ಸವಿತಾ. ಹೇಳಿದವನು ನಾನು. ಅರ್ಥವಾಗದೆ ಹೇಳಿದ್ದಲ್ಲ, ಬಾಯಿತಪ್ಪಿ ಬಂದದ್ದೂ ಅಲ್ಲ — ಬೇಕೆಂದೇ, ನಿನ್ನ ಮುಖ ನೋಡಿಕೊಂಡೇ ಹೇಳಿದ ಸುಳ್ಳು. ಎಂಟು ವರ್ಷದಿಂದ ನೀನು ಅದನ್ನು ಗುರುವಿನ ಅಪ್ಪಣೆ ಎಂದು ಪಾಲಿಸಿಕೊಂಡು ಬಂದಿದ್ದೀಯ. ಹೇಳಿಬಿಡೋಣವೆಂದು ಹೋದ ವಾರ ಎರಡು ಸಲ ಫೋನು ಮಾಡಿದೆ. ಎರಡು ಸಲವೂ "ಊಟ ಆಯ್ತೇನವ್ವಾ" ಎಂದು ಕೇಳಿ ಇಟ್ಟುಬಿಟ್ಟೆ. ನಿನ್ನ ಅಣ್ಣನ ಧೈರ್ಯ ಅಷ್ಟರದ್ದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಆಗ ನಾವು ಚನ್ನರಾಯಪಟ್ಟಣದಲ್ಲಿದ್ದೆವು. ಅಪ್ಪ ಊರೆಲ್ಲ ಸೈಕಲ್ ತುಳಿದು ಟಪಾಲು ಹಂಚುತ್ತಿದ್ದರು. ನೀನು ಹತ್ತನೇ ಕ್ಲಾಸು. ನಾನು ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಡಿಪ್ಲೊಮಾ ಓದುತ್ತಿದ್ದೆ. ಮನೆಗೆ ಹೊಸದಾಗಿ ಸಿ.ಡಿ. ಪ್ಲೇಯರ್ ಬಂದಿತ್ತು. ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯಲ್ಲಿ ಫೈಟಿಂಗ್ ಸಿನಿಮಾ ಎಂದುಕೊಂಡು ಒಂದು ಡಬ್ಬಿ ಕೊಂಡು ತಂದೆ. ಒಳಗೆ ಮೂರು ಸಿ.ಡಿ. ಹಾಕಿ ನೋಡಿದರೆ — ಹೀರೋ ಇಲ್ಲ, ವಿಲನ್ ಇಲ್ಲ, ಕತೆಯೇ ಇಲ್ಲ. ಕಲ್ಲು ಹಾಸಿದ ಅಂಗಳ, ಒಂದು ಮರ, ಬಿಳಿಕೂದಲಿನ ಚೀನಾದ ಮುದುಕರೊಬ್ಬರು. ಅವರು ತಮ್ಮ ಭಾಷೆಯಲ್ಲಿ ಏನೋ ಹೇಳುತ್ತಾರೆ, ಅದರ ಮೇಲೆ ಇನ್ನಾರದೋ ದನಿಯಲ್ಲಿ ಇಂಗ್ಲಿಷ್ ಬರುತ್ತದೆ. ಆಮೇಲೆ ಅವರು ನಿಧಾನವಾಗಿ ಕೈಕಾಲು ಆಡಿಸಿ ತೋರಿಸುತ್ತಾರೆ. ಅದು ಕುಂಗ್‌ಫು ಕಲಿಸುವ ಪಾಠ. ಮೊದಲನೆಯದರಲ್ಲಿ ಬರಿಗೈ ವರಸೆ, ಎರಡನೆಯದರಲ್ಲಿ ಕೋಲು, ಮೂರನೆಯದರಲ್ಲಿ ಕತ್ತಿ ಮತ್ತು ಈಟಿ. ಮೋಸಹೋದೆ ಎಂದುಕೊಂಡು ತೆಗೆಯಲು ಕೈ ಚಾಚಿದೆ.

"ಇರಣ್ಣಾ," ಎಂದು ನೀನು ನನ್ನ ಕೈ ಹಿಡಿದೆ. "ತಾತ ಎಷ್ಟ್ ಚೆಂದಾಗ್ ನಿಂತವ್ರೆ ನೋಡು."

ಅವತ್ತಿನಿಂದ ಅವರು ನಮ್ಮಿಬ್ಬರಿಗೂ ತಾತ.

ಪ್ರತಿ ಭಾನುವಾರ ಬೆಳಿಗ್ಗೆ ಪಾಠ. ನೀನು ಕೈಕಾಲು ತೊಳೆದು ಬಂದು, ಟೀವಿಯ ಮುಂದೆ ನಿಂತು, ತಾತ ಮಾಡುವಂತೆಯೇ ಮುಷ್ಟಿಯನ್ನು ಅಂಗೈಗೆ ಒತ್ತಿ ನಮಸ್ಕಾರ ಮಾಡುತ್ತಿದ್ದೆ. "ಈ ಭಕ್ತಿ ದೇವ್ರ್ ಮನೇಲ್ ಇದ್ದಿದ್ರೆ ಎಂಗಿರೋದು," ಎಂದು ಅಮ್ಮ ಅಡುಗೆಮನೆಯಿಂದಲೇ ರೇಗಿಸುತ್ತಿದ್ದಳು. ನಿನಗೆ ಇಂಗ್ಲಿಷ್ ಅಷ್ಟಾಗಿ ಬಾರದು. ತಾತ ಬಾಯಿ ಬಿಟ್ಟಾಗಲೆಲ್ಲ ನೀನು ರಿಮೋಟ್ ಒತ್ತಿ ಅವರನ್ನು ನಿಲ್ಲಿಸಿ ನನ್ನ ಕಡೆ ತಿರುಗುತ್ತಿದ್ದೆ — "ಏನಂದ್ರಣ್ಣಾ?" ನಾನು ಬಿಡಿಸಿ ಹೇಳುತ್ತಿದ್ದೆ. ಇದು ಕುದುರೆ ನಿಲುವು, ಸವಾರಿ ಮಾಡುವವರ ಹಾಗೆ ತೊಡೆ ಇಳಿಸಬೇಕು. ಇದು ಬಿಲ್ಲಿನ ನಿಲುವು, ಮುಂದಿನ ಮೊಣಕಾಲು ಬಾಗಬೇಕು, ಹಿಂದಿನದು ನೆಟ್ಟಗಿರಬೇಕು. ನಿಜ ಹೇಳಬೇಕೆಂದರೆ ಆ ಇಂಗ್ಲಿಷಿನಲ್ಲಿ ಅರ್ಧದಷ್ಟು ನನಗೂ ಸಿಗುತ್ತಿರಲಿಲ್ಲ. ಉಳಿದದ್ದನ್ನು ಊಹೆಯ ಮೇಲೆ ತುಂಬುತ್ತಿದ್ದೆ. ನೀನು ಮಾತ್ರ ನನ್ನ ಒಂದೊಂದು ಮಾತನ್ನೂ ನೋಟ್‌ಬುಕ್ಕಿನಲ್ಲಿ "ತಾತ ಹೇಳಿದ್ದು" ಎಂದು ಮೇಲೆ ಬರೆದು, ಕೆಳಗೆ ಗೆರೆ ಎಳೆದು, ದುಂಡಗೆ ಬರೆದಿಟ್ಟುಕೊಳ್ಳುತ್ತಿದ್ದೆ.

ವಾರಗಟ್ಟಲೆ ಒದ್ದಾಡಿದರೂ ನನಗೆ ಎಡಬಲ ಹೊಂದಲಿಲ್ಲ. ತಾತ ಎದುರು ನಿಂತು ಬಲಗೈ ಎತ್ತಿದರೆ ನಾನು ಎಡಗೈ ಎತ್ತುತ್ತಿದ್ದೆ. ನೀನು ಏನು ಮಾಡಿದೆ — ಟೀವಿಗೆ ಬೆನ್ನು ಹಾಕಿ ನಿಂತು, ಎದುರಿಗಿದ್ದ ಬೀರುವಿನ ಕನ್ನಡಿಯಲ್ಲಿ ತಾತನನ್ನು ನೋಡಿಕೊಂಡು ಕಲಿತೆ. ಅಲ್ಲಿ ಅವರ ಬಲವೂ ನಿನ್ನ ಬಲವೂ ಒಂದೇ ಕಡೆ. ತಾತ ನಿನ್ನ ಹಿಂದೆ ನಿಂತು ತಿದ್ದುತ್ತಿರುವಂತೆ ಕಾಣುತ್ತಿತ್ತು. ಡಿಪ್ಲೊಮಾ ಓದುವ ನನಗೆ ಇದೇಕೆ ಹೊಳೆಯಲಿಲ್ಲ ಎಂದು ಹೊಟ್ಟೆ ಉರಿಯಿತು. ಮೂರು ತಿಂಗಳಲ್ಲಿ ಇಡೀ ವರಸೆ ನಿನ್ನದಾಯಿತು. ನೀನು ನನಗೂ ಹೇಳಿಕೊಡಲು ಬಂದೆ, "ಅಣ್ಣಾ, ಸೊಂಟ ಮೊದ್ಲು ತಿರುಗ್ಬೇಕು, ಕೈ ಆಮೇಲೆ" ಎಂದು. ನಾನು ಪರೀಕ್ಷೆ ಇದೆ ಎಂದು ಪುಸ್ತಕ ಹಿಡಿದುಕೊಂಡು ಕೂತೆ.

ಆಮೇಲೆ ಬೋರಣ್ಣನವರು ಬಂದ ಆ ಸಂಜೆ. ಅಪ್ಪನ ಸ್ನೇಹಿತರು, ಒಂದು ಕಾಲದ ಕುಸ್ತಿಪಟು, ಗರಡಿಮನೆಯಲ್ಲಿ ಹುಡುಗರನ್ನು ಪಳಗಿಸಿದವರು. ಅಪ್ಪ ಹೆಮ್ಮೆಯಿಂದ ನಮ್ಮಿಬ್ಬರನ್ನೂ ತಾರಸಿಯ ಮೇಲೆ ನಿಲ್ಲಿಸಿ ವರಸೆ ಮಾಡಿಸಿದರು. ಬೋರಣ್ಣ ಬಾಯಲ್ಲಿಟ್ಟ ಬೀಡಿಯನ್ನು ಹಚ್ಚುವುದನ್ನೂ ಮರೆತು ಕೊನೆಯತನಕ ನೋಡಿದರು.

"ಹುಡ್ಗ ಕುಣೀತವ್ನೆ ಕಣ ಶಿವಣ್ಣ," ಎಂದು ಅಪ್ಪನಿಗೆ ಹೇಳಿದರು. "ಕಲ್ತಿರೋಳು ಹುಡ್ಗಿ."

ಅಪ್ಪ ಜೋರಾಗಿ ನಕ್ಕರು. ನೀನೂ ನಕ್ಕೆ, ತಕ್ಷಣ ನನ್ನ ಮುಖ ನೋಡಿ ಸುಮ್ಮನಾದೆ. ನೀನು ಸುಮ್ಮನಾದದ್ದೇ ನನಗೆ ಹೆಚ್ಚು ಚುಚ್ಚಿತು. ತಂಗಿ ಅಣ್ಣನ ಮೇಲೆ ಕನಿಕರ ಪಡುವುದೆಂದರೆ — ಆ ವಯಸ್ಸಿನಲ್ಲಿ ಅದು ನನಗೆ ನುಂಗಲಾರದ ತುತ್ತಾಗಿತ್ತು.

ಮುಂದಿನ ಭಾನುವಾರ ಎರಡನೆಯ ಸಿ.ಡಿ. ಶುರುವಾಗಬೇಕಿತ್ತು. ನೀನು ಹಿರೀಸಾವೆಯ ಅಜ್ಜಿ ಮನೆಗೆ ಹೋಗಿ ಬಿದಿರಿನ ಗಳವೊಂದನ್ನು ಆರಿಸಿ ತಂದೆ. "ಯಾರ್ ಕಣ್ಣಿಗ್ ಚುಚ್ಚಕ್ ತಂದಿದ್ದೀಯವ್ವಾ ಇದ್ನ" ಎಂದು ಕಂಡಕ್ಟರ್ ಬೈದನಂತೆ. ದಾರಿಯುದ್ದಕ್ಕೂ ಅದನ್ನು ನೆಟ್ಟಗೆ ಹಿಡಿದು ನಿಂತುಕೊಂಡೇ ಬಂದೆಯಂತೆ. ಡಬ್ಬಿಯ ಮೇಲಿನ ಚಿತ್ರದಲ್ಲಿ ತಾತನ ಕೋಲು ಅವರ ಹುಬ್ಬಿನವರೆಗೆ ಇತ್ತು. ನೀನು ನಿನ್ನ ಹುಬ್ಬಿಗೆ ಅಳತೆ ಹಿಡಿದು ಕತ್ತರಿಸಿ, ಗಿಣ್ಣು ಉಜ್ಜಿ ನಯಮಾಡಿ, ಹರಳೆಣ್ಣೆ ಸವರಿ ಬಿಸಿಲಿಗಿಟ್ಟೆ. ಮೂರು ದಿನ ಅದು ನಿನ್ನ ಕಣ್ಣೆದುರೇ ಇತ್ತು. ಒಂದು ಸಲವೂ ತಿರುಗಿಸಿ ನೋಡಲಿಲ್ಲ — ತಾತ ಹೇಳಿಕೊಡುವ ಮುಂಚೆ ಬೇಡ ಎಂದು.

ಭಾನುವಾರ ಬಂತು. ತಾತ ಕೋಲು ಹಿಡಿದು ಅಂಗಳದಲ್ಲಿ ನಿಂತರು. ಏನೋ ಹೇಳಿದರು, ಹೇಳುತ್ತಾ ನಕ್ಕರು. ನೀನು ರಿಮೋಟ್ ಒತ್ತಿದೆ.

"ಏನಂದ್ರಣ್ಣಾ? ನಗ್ತಾವ್ರೆ."

ಅವತ್ತು ಅವರ ಮಾತು ನನಗೆ ಪೂರ್ತಿ ಅರ್ಥವಾಗಿತ್ತು. ಸಣ್ಣ ಸಣ್ಣ ವಾಕ್ಯಗಳ ಸುಲಭವಾದ ಇಂಗ್ಲಿಷ್. ಊಹೆ ಮಾಡುವಂಥದ್ದು ಏನೂ ಇರಲಿಲ್ಲ. ನೀನು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದೆ. ಇದನ್ನೂ ಇವಳು ಕಲಿತುಬಿಡುತ್ತಾಳೆ, ಕತ್ತಿಯನ್ನೂ ಕಲಿಯುತ್ತಾಳೆ, ಈಟಿಯನ್ನೂ —

"ಇಲ್ಲಿಂದಾಚೆ ಹೆಣ್ಮಕ್ಳಿಗಲ್ಲ ಅಂತವ್ರೆ," ಎಂದೆ. "ಆಯುಧ ಮುಟ್ಬಾರ್ದಂತೆ."

ನೀನು ಜಗಳಕ್ಕೆ ಬರುತ್ತೀಯ ಎಂದುಕೊಂಡಿದ್ದೆ. ಚಿಕ್ಕ ಚಿಕ್ಕದಕ್ಕೆಲ್ಲ ನನ್ನ ತಲೆಗೂದಲು ಹಿಡಿದು ಎಳೆಯುತ್ತಿದ್ದವಳು ನೀನು. ಅವತ್ತು ಮಾತ್ರ ಕೇಳಿದ್ದು ಒಂದೇ ಮಾತು.

"ಸುಮ್ನೆ ಇಡ್ಕಳೂ ಬಾರ್ದಾ?"

ಬಾರದು ಎಂದೆ. ನೀನು ಕೋಲನ್ನು ನನ್ನ ಪಕ್ಕದ ಗೋಡೆಗೆ ಒರಗಿಸಿ, ನಿಂತುಹೋಗಿದ್ದ ತಾತನ ಚಿತ್ರಕ್ಕೆ ನಮಸ್ಕಾರ ಮಾಡಿದೆ. "ನೀನ್ ಕಲ್ತ್ಕೊ ಅಣ್ಣಾ, ನಾನ್ ನೋಡದೂ ಬ್ಯಾಡ" ಎಂದು ಒಳಗೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ನನಗೆ ಟೀ ತಂದುಕೊಟ್ಟೆ. ಕಣ್ಣು ಕೆಂಪಗಿತ್ತು. ಏನಾಯಿತು ಎಂದು ಕೇಳಿದ್ದಕ್ಕೆ ಒಲೆಯ ಹೊಗೆ ಅಂದೆ. ನಮ್ಮ ಮನೆಗೆ ಗ್ಯಾಸ್ ಬಂದು ಆಗಲೇ ವರ್ಷದ ಮೇಲಾಗಿತ್ತು.

ನಿನ್ನ ಹುಬ್ಬಿನ ಅಳತೆಯ ಆ ಕೋಲು ನನ್ನ ಭುಜಕ್ಕೆ ಬರುತ್ತಿತ್ತು. ಒಂದು ತಿಂಗಳು ಅದನ್ನೇ ತಿರುಗಿಸಿದೆ. ಮೊಣಕೈಗೆ ಬಡಿದುಕೊಂಡೆ, ಒಂದು ಟ್ಯೂಬ್‌ಲೈಟ್ ಒಡೆದೆ, ಆಮೇಲೆ ಬಿಟ್ಟೆ. ಮೂರನೆಯ ಸಿ.ಡಿ.ಯನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ. ನೀನು ಬರಿಗೈ ವರಸೆಯನ್ನು ಒಂದು ದಿನವೂ ಬಿಡಲಿಲ್ಲ. ಪಿ.ಯು.ಸಿ. ಪರೀಕ್ಷೆಯ ಬೆಳಿಗ್ಗೆಯೂ ತಾರಸಿಯಲ್ಲಿ ನಿನ್ನ ಹೆಜ್ಜೆ ಸಪ್ಪಳ ಕೇಳುತ್ತಿತ್ತು. ನಾನು ಕೆಳಗೆ ಚಾಪೆಯಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿದ್ದೆ. ಎದ್ದು ಎರಡು ಮೆಟ್ಟಿಲು ಹತ್ತಿ ಹೇಳಿದ್ದರೆ ಮುಗಿದುಹೋಗುತ್ತಿತ್ತು.

ನನ್ನ ಮದುವೆಯ ಹಿಂದಿನ ದಿನ ಒಮ್ಮೆ ಬಾಯಿತನಕ ಬಂದಿತ್ತು. ನೀನು ನನ್ನ ಹೊಸ ಅಂಗಿಗೆ ಬಿದ್ದುಹೋದ ಗುಂಡಿ ಹೊಲಿಯುತ್ತಾ ಕೂತಿದ್ದೆ. "ಏನಣ್ಣಾ, ಅಂಗ್ ನೋಡ್ತೀಯ?" ಎಂದು ಕೇಳಿದೆ. ಏನಿಲ್ಲ ಎಂದುಬಿಟ್ಟೆ ನಾನು. ದಾರವನ್ನು ಹಲ್ಲಿನಿಂದ ಕಡಿದು, "ಅಳ್ತೀಯೇನ್ಲಾ, ಗಂಡ್ ನೀನು, ಎಣ್ಣಲ್ಲ" ಎಂದು ನನ್ನ ಬೆನ್ನಿಗೆ ಗುದ್ದಿದೆ.

ಇಷ್ಟೇ ಆಗಿದ್ದರೆ ಬಹುಶಃ ಸಾಯುವತನಕ ಮುಚ್ಚಿಟ್ಟುಕೊಳ್ಳುತ್ತಿದ್ದೆ. ಆದರೆ ಹೋದ ತಿಂಗಳು ಆಫೀಸಿನ ಕೆಲಸದ ಮೇಲೆ ಅರಕಲಗೂಡಿಗೆ ಬಂದವನು, ನಿನ್ನನ್ನು ನೋಡಿಕೊಂಡು ಹೋಗೋಣವೆಂದು ಮಲ್ಲಿಪಟ್ಟಣದ ನಿನ್ನ ಶಾಲೆಗೂ ಬಂದೆನಲ್ಲ. ಸಂಜೆಯ ಆಟದ ಪೀರಿಯಡ್ಡು. ಮೈದಾನದಲ್ಲಿ ಹುಡುಗಿಯರೆಲ್ಲ ಸಾಲಾಗಿ ಕುದುರೆ ನಿಲುವಿನಲ್ಲಿದ್ದರು. ಕೊರಳಲ್ಲಿ ವಿಷಲ್ ಹಾಕಿಕೊಂಡ ಪಿ.ಟಿ. ಮೇಡಂ ನಮ್ಮ ಸವಿತಾ, ಒಬ್ಬೊಬ್ಬಳ ಬೆನ್ನು ಮುಟ್ಟಿ ನೆಟ್ಟಗೆ ಮಾಡುತ್ತಾ ನಡೆಯುತ್ತಿದ್ದಳು. ನಮ್ಮ ಮನೆಯ ಟೀವಿಯೊಳಗಿದ್ದ ತಾತ ಎಲ್ಲಿಂದ ಎಲ್ಲಿಗೆ ಬಂದರು ಎಂದುಕೊಂಡೆ. ಗೇಟಿನ ಹತ್ತಿರವೇ ನಿಂತು ಬಹಳ ಹೊತ್ತು ನೋಡಿದೆ.

ಗಂಟೆ ಹೊಡೆದು ಎಲ್ಲರೂ ಚದುರಿದ ಮೇಲೆ ನಾನು ನಿನ್ನ ಹತ್ತಿರ ಬಂದೆ. ಸಣಕಲು ಹುಡುಗಿಯೊಬ್ಬಳು ಹಿಂದೆ ಉಳಿದಿದ್ದಳು. ಲಕ್ಷ್ಮಿ ಎಂದು ಆಮೇಲೆ ನೀನು ಹೇಳಿದೆ. ಗೋಡೆಯ ಪಕ್ಕ ಬಿದ್ದಿದ್ದ ಬಿದಿರುಕೋಲನ್ನು ಎತ್ತಿಕೊಂಡು ತಿರುಗಿಸತೊಡಗಿದಳು. ಯಾರೂ ಕಲಿಸಿದ್ದಲ್ಲ. ಆದರೂ ಅದು ಅವಳ ಕೈಯಲ್ಲಿ ಎಷ್ಟು ಹಗುರಾಗಿ ಸುತ್ತುತ್ತಿತ್ತು. ನೀನು ನೋಡುತ್ತಾ ನಿಂತೆ. ನಿನ್ನ ಬೆರಳುಗಳೂ ಅವಳ ಬೆರಳಿನ ಜೊತೆ ಸಣ್ಣಗೆ ಆಡುತ್ತಿದ್ದವು — ನಾನು ಕಂಡೆ. ಆಮೇಲೆ ನೀನು ಅವಳ ಹತ್ತಿರ ಹೋಗಿ ಕೋಲನ್ನು ಕಸಿದುಕೊಂಡೆ ಎಂದು ಬರೆಯಲು ಹೊರಟಿದ್ದೆ. ಇಲ್ಲ, ನೀನು ಅದನ್ನು ಮುಟ್ಟಲಿಲ್ಲ. ಕೆಳಗಿಡು ಎಂದು ಕೈಸನ್ನೆ ಮಾಡಿದೆ, ಅಷ್ಟೇ.

"ಬ್ಯಾಡ ಕಣವ್ವಾ. ಹೆಣ್ಮಕ್ಳು ಆಯುಧ ಮುಟ್ಬಾರ್ದು ಅಂತ ನಮ್ ತಾತ ಅಂದವ್ರೆ."

"ಯಾಕ್ ಮಿಸ್?"

ನೀನು ತಿರುಗಿ ನನ್ನ ಕಡೆ ಕೈ ತೋರಿಸಿದೆ. ಆಗ ನಿನ್ನ ಮುಖದಲ್ಲಿದ್ದ ಹೆಮ್ಮೆ! "ನಮ್ಮಣ್ಣ ಇವ್ರೇ. ತಾತನ್ ಮಾತ್ನೆಲ್ಲ ನಂಗೆ ಬಿಡ್ಸಿ ಯೋಳ್ಕೊಟ್ಟೋರು."

ಆ ಹುಡುಗಿ ನನ್ನನ್ನು ಕಣ್ಣೆತ್ತಿ ನೋಡಿದಳು. "ಔದಾ ಸಾ? ಅಂಗಂದಿದ್ರಾ?"

ಹೌದು ಎಂದು ತಲೆಯಾಡಿಸಿದೆ.

ಅವಳು ಕೋಲನ್ನು ಮೆಲ್ಲಗೆ ನೆಲಕ್ಕಿಟ್ಟು, ಎರಡೂ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಹೋದಳು. ಮೊದಲ ಸಲ ಸುಳ್ಳು ಹೇಳಿದಾಗ ನನಗೆ ಹತ್ತೊಂಬತ್ತು ವರ್ಷ. ಮಲ್ಲಿಪಟ್ಟಣದ ಮೈದಾನದಲ್ಲಿ ತಲೆಯಾಡಿಸಿದವನು ಹೆಣ್ಣುಮಗುವಿನ ತಂದೆ. ಇದಕ್ಕೆ ವಯಸ್ಸನ್ನು ಅಡ್ಡ ಹಿಡಿಯುವಂತಿಲ್ಲ, ಬೋರಣ್ಣನನ್ನೂ ಅಡ್ಡ ಹಿಡಿಯುವಂತಿಲ್ಲ.

ಹಾಸನದ ನನ್ನ ಮನೆಗೆ ಬಂದು ಆ ಎರಡನೆಯ ಸಿ.ಡಿ. ಹುಡುಕಿ ಹಾಕಿದೆ. ತಾತ ಅದೇ ಅಂಗಳದಲ್ಲಿ, ಅದೇ ನಗುವಿನಲ್ಲಿ ನಿಂತಿದ್ದಾರೆ. ಅವರು ಹೇಳಿದ್ದನ್ನು ಒಂದು ಮಾತು ಸೇರಿಸದೆ, ಒಂದು ಮಾತು ಬಿಡದೆ ಬರೆಯುತ್ತೇನೆ: "ಇದನ್ನು ನಮ್ಮ ತಂದೆ ನನಗೂ ನನ್ನ ತಂಗಿಗೂ ಒಟ್ಟಿಗೆ ಕಲಿಸಿದರು. ತಂಗಿ ನನಗಿಂತ ಬೇಗ ಕಲಿತಳು. ನಾನು ತಪ್ಪಿದಾಗಲೆಲ್ಲ ಅವಳೇ ತಿದ್ದಿದಳು. ನಾನು ಇವತ್ತು ತೋರಿಸುವುದು ಅವಳು ತಿದ್ದಿದ ವರಸೆ."

ಅವರು ನಕ್ಕದ್ದು ತಂಗಿಯನ್ನು ನೆನೆದು, ಸವಿತಾ.

ಶನಿವಾರ ಬರುತ್ತೇನೆ, ಸಿ.ಡಿ. ತರುತ್ತೇನೆ. ನಿನ್ನ ಹುಡುಗಿಯರೆಲ್ಲರ ಎದುರು, ನಾನು ತಲೆಯಾಡಿಸಿದ್ದು ಸುಳ್ಳು ಎಂದು ನನ್ನ ಬಾಯಿಂದಲೇ ಹೇಳುತ್ತೇನೆ. ಅಷ್ಟು ಜನರ ಮುಂದೆ ನಿನಗೆ ಇದು ಹಠಾತ್ತನೆ ತಿಳಿಯಬಾರದು ಎಂದು ಮುಂಚಿತವಾಗಿ ಈ ಕಾಗದ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಆ ಕ್ಷಣವೇ ಕ್ಷಮಿಸಿಬಿಡುತ್ತೀಯ, ನಾನು ಹಗುರಾಗಿ ಬಸ್ಸು ಹತ್ತಿಬಿಡುತ್ತೇನೆ — ಅದು ಬೇಡ. ನಿನಗೆ ಕೋಪ ಬರಲಿ, ಎಷ್ಟು ದಿನ ಬೇಕೋ ಅಷ್ಟು ದಿನ ಇರಲಿ.

ಶನಿವಾರದತನಕ ನೀನು ಮಾತ್ರ ಕಾಯಬೇಡ. ಈ ಕಾಗದ ಸಿಕ್ಕಿದ ದಿನವೇ ಆ ಲಕ್ಷ್ಮಿಯನ್ನು ಕರೆ. ಕೋಲನ್ನು ನೀನೇ ಎತ್ತು. ಎತ್ತಿ, ನಿನ್ನ ಕೈಯಾರೆ ಅವಳ ಕೈಗೆ ಕೊಡು.