ಚಾಚಾ ಕೊಟ್ಟ ಹಲ್ಲುಪುಡಿ

ದಾವಣಗೆರೆಯ ದಂತ ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಸಂಶೋಧನೆ ಮಾಡುತ್ತಿದ್ದದ್ದು ಹಲ್ಲು ಬೆಳ್ಳಗಾಗಿಸುವ ಜೆಲ್‌ಗಳ ಮೇಲೆ. ಕಿತ್ತ ಹಲ್ಲುಗಳಿಗೆ ಜೆಲ್ ಹಚ್ಚಿ, ಯಂತ್ರದಿಂದ ಸಾವಿರಾರು ಸಲ ಬ್ರಷ್ ಮಾಡಿಸಿ, ಎಷ್ಟು ಸವೆಯಿತೆಂದು ನೋಡುವ ಕೆಲಸ. ಅರ್ಧ ಹಲ್ಲುಗಳು ಮುಗಿದಿದ್ದಾಗ ಆ ಯಂತ್ರ ಕೆಟ್ಟು ನಿಂತಿತು. ರಿಪೇರಿಯವರು ಬರುವುದು ಮುಂದಿನ ತಿಂಗಳು ಎಂದರು. ನನ್ನ ಗೈಡ್ ಅವರ ಒಪ್ಪಿಗೆ ಪಡೆದು, ಅದನ್ನು ಚೀಲದಲ್ಲಿ ಕಟ್ಟಿಕೊಂಡು ನಮ್ಮೂರು ಹರಪನಹಳ್ಳಿಯ ಬಸ್ಸು ಹತ್ತಿದೆ.

ನಮ್ಮ ಮನೆಯೆದುರು ಚಾಚಾನ ಗ್ಯಾರೇಜು. ನಾನು ಹುಟ್ಟುವ ಮೊದಲಿನಿಂದ ಅವರು ಅಲ್ಲಿ ಜೀಪು, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದಾರೆ.

"ಏನವ್ವ ಇದು?"

"ಹಲ್ಲು ತಿಕ್ಕೋ ಮಷೀನು ಚಾಚಾ."

ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರು ನಕ್ಕಾಗಲೆಲ್ಲ ಆ ಕೈ ಮೇಲೇಳುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಅವರ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು.

ಸಂಜೆಯೊಳಗೆ ಹಳೇ ಜೀಪಿನ ವೈಪರ್ ಮೋಟಾರು ಕೂಡಿಸಿ ಯಂತ್ರ ಓಡಿಸಿದರು. ನಾನು ಹೊರಡುವಾಗ ಒಂದು ಡಬ್ಬಿ ತಂದು ಕೈಗಿಟ್ಟರು. ಇದ್ದಿಲು, ಉಪ್ಪು, ಇಟ್ಟಂಗಿ ಪುಡಿ.

"ನಲವತ್ತು ವರ್ಷ ಆತು ಇದ್ರಾಗ ತಿಕ್ಕಾಕತ್ತಿ. ಕಲೆ ಹೋಗವಲ್ದು, ಬಿಸಿ ಚಾ ಕುಡುದ್ರ ಜುಮ್ ಅಂತೈತಿ. ಇದನ್ನೂ ಮಷೀನ್ಯಾಗ ಹಾಕಿ ನೋಡವ್ವ."

ಹಾಕಿದೆ. ಆ ಪುಡಿಯಲ್ಲಿ ತಿಕ್ಕಿದ ಹಲ್ಲನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ನನಗೆ ಸಂಕಟವಾಯಿತು. ತುಂಬ ಆಳದ ಗೀರುಗಳು. ಹೇಳಲೋ ಬೇಡವೋ ಎಂದು ಒಂದು ವಾರ ಒದ್ದಾಡಿ, ಕೊನೆಗೆ ಊರಿಗೆ ಹೋಗಿ ಮೊಬೈಲಿನಲ್ಲಿ ಫೋಟೋ ತೋರಿಸಿದೆ.

"ಪಾಲಿಶ್ ಪೇಪರ್ ಹಾಕಿ ಉಜ್ಜಿದಂಗೈತಲ್ಲ!"

"ಹೌದು ಚಾಚಾ. ನಿಮ್ಮ ಕಲೆ ಮೇಲೆ ಹತ್ತಿದ್ದಲ್ಲ. ಸಣ್ಣವ್ರಿದ್ದಾಗ ಕುಡಿದ ನೀರಿನ ಫ್ಲೋರೈಡ್‌ನಿಂದ ಹಲ್ಲಿನೊಳಗೇ ಬಂದಿದ್ದು. ಎಷ್ಟು ತಿಕ್ಕಿದ್ರೂ ಹೋಗಲ್ಲ."

ಅವರು ಕೈಯಲ್ಲಿದ್ದ ಸ್ಪ್ಯಾನರ್ ಒರೆಸಿ ಕೆಳಗಿಟ್ಟರು.

"ಹೊಲಸು ಬಾಯಿ ಅಂತಿದ್ರವ್ವ ಸಾಲ್ಯಾಗ. ನಾನೂ ಹಂಗಾ ತಿಳ್ಕೊಂಡಿದ್ದೆ. ಅಂದ್ರ ತಪ್ಪು ನಂದಲ್ಲ?"

"ಅಲ್ಲ ಚಾಚಾ."

ಮುಂದಿನ ಸೋಮವಾರ ಅವರನ್ನು ಕಾಲೇಜಿಗೆ ಕರೆದೊಯ್ದೆ. ಕುರ್ಚಿಯಲ್ಲಿ ಕೂತವರು ಡಾಕ್ಟರ ಮುಂದೆ ಬಾಯಿ ತೆರೆಯಲು ಹಿಂದೆಮುಂದೆ ನೋಡಿದರು. "ನಮ್ಮ ಕಡೆ ಇಂಥ ಹಲ್ಲು ದಿನಾ ನೋಡ್ತೀವಿ, ನಾಚ್ಕೋಬ್ಯಾಡ್ರಿ" ಎಂದು ಡಾಕ್ಟರು ಹೇಳಿದ ಮೇಲೆ ತೆರೆದರು. ಸವೆದಿದ್ದ ಹಲ್ಲಿನ ಬುಡಗಳಿಗೆಲ್ಲ ಸಿಮೆಂಟ್ ತುಂಬಿದ್ದಾಯಿತು. ಬೇಕಿದ್ದರೆ ಮುಂದಿನ ಹಲ್ಲುಗಳ ಬಣ್ಣವನ್ನೂ ಮುಚ್ಚಬಹುದು ಎಂದರು ಡಾಕ್ಟರು. ಚಾಚಾ ಮನೆಯಲ್ಲಿ ಕೇಳಿ ಹೇಳುತ್ತೇನೆಂದರು.

ಮರುದಿನ ಅವರ ಫೋನು ಬಂತು.

"ನಮ್ಮಾಕಿ ಬ್ಯಾಡ ಅಂತಾಳವ್ವ. ಹಲ್ಲು ಬೆಳ್ಳಗಾದ್ರ ನನ್ನ ಗುರ್ತು ಸಿಗಂಗಿಲ್ಲಂತ ಅಕಿಗೆ."

ಹಿಂದಿನಿಂದ ಚಾಚಿ ನಗುತ್ತಿದ್ದುದು ಕೇಳಿಸಿತು. ಚಾಚಾನೂ ಜೋರಾಗಿ ನಕ್ಕರು.