ಅಗಲ ಮೊನೆಯ ಬಾಣ

ಎರಡು ಸಾವಿರದ ಇಸವಿಯ ಆಸುಪಾಸು, ಕುಮಟೆ ಕಡೆ ಫಾರೆಸ್ಟ್ ಗಾರ್ಡ್ ಆಗಿದ್ದೆ. ಹಂದಿ ಬೇಟೆಯ ಗುಮಾನಿಯ ಮೇಲೆ ಕಾಗಾಲದ ಮುದುಕ ಬೀರಣ್ಣನನ್ನು ಬಿಲ್ಲುಬಾಣದ ಸಮೇತ ಹಿಡಿದು ತಂದೆ.

ರೇಂಜರ್ ಸಾಹೇಬರು ಕಚೇರಿ ಹಿಂದಿನ ತೆಂಗಿನ ಮರಕ್ಕೆ ತಾವೇ ಒಂದು ಬಾಣ ಬಿಟ್ಟರು. ಅದು ಓರೆಯಾಗಿ ಹೋಗಿ ಬೇಲಿಯಲ್ಲಿ ಬಿತ್ತು.

"ಇದರಿಂದ ಕೋಳಿಯೂ ಸಾಯೂದಿಲ್ಲ. ಬಿಟ್ಟು ಕಳಿಸು," ಎಂದು ನಕ್ಕರು.

ನನಗೂ ಹಗುರವೆನಿಸಿತು. ಬೀರಣ್ಣನ ಮುಖ ಮಾತ್ರ ಕಪ್ಪಿಟ್ಟಿತು.

"ಅಗಲ ಮೊನೆ ಸಾಹೇಬ್ರೇ, ಗಾಳಿ ಹಿಡೀತದೆ. ಗರಿ ಸರಿ ಇದ್ರೆ ಮಾತ್ರ ನೆಟ್ಟಗೆ ಹೋಗೂದು. ನಿಮ್ಮ ಜೀಪಲ್ಲಿ ಗರಿ ಕಿತ್ತುಹೋಗ್ಯದೆ. ಕಟ್ಟಿದ್ರೆ ಆತು."

"ಸುಮ್ಮನೆ ಮನೆಗೆ ಹೋಗೋ ಮಾರಾಯ," ಎಂದು ಪಿಸುಗುಟ್ಟಿದೆ. ಅವನು ಕೇಳಲಿಲ್ಲ. ಗರಿ ಕಟ್ಟಿ, ಹೊಡೆದ. ಬಾಣ ಮರದ ನಟ್ಟನಡುವೆ ನಾಟಿತು.

ಸಾಹೇಬರ ನಗು ನಿಂತಿತು. "ಕೇಸು ಬರಿ," ಎಂದರು.

'ಬಿಲ್ಲುಬಾಣ ಸುಸ್ಥಿತಿಯಲ್ಲಿವೆ' ಎಂದು ಬರೆದು, ಓದಿ ಹೇಳಿದೆ. ಆರೋಪಿಯೊಬ್ಬ ಸಂತೋಷದಿಂದ ಹೆಬ್ಬೆಟ್ಟು ಒತ್ತಿದ್ದನ್ನು ನನ್ನ ಸರ್ವಿಸಿನಲ್ಲಿ ನೋಡಿದ್ದು ಅದೊಂದೇ ಸಲ.